ಕನ್ನಡದಲ್ಲಿ ಮೂರು ಇಸ್ಪೀಕ

ವಿರುಪಾಕ್ಷಪ್ಪನವರ ಬಾಯಿಯನ್ನು ಡಾಕ್ಟರ್ ಮನೀಷಾ ಎರಡು ಕಡೆಯಿಂದ ಬಲ್ಲಳು. ಹಗಲಿನಲ್ಲಿ ಅದು ಅವಳ ಕ್ಲಿನಿಕ್ಕಿನ ದೀಪದ ಕೆಳಗೆ ತೆರೆದುಕೊಳ್ಳುತ್ತಿತ್ತು. ಆಯುಷ್ಯವಿಡೀ ಜಗಿದ ನಿಪ್ಪಾಣಿ ತಂಬಾಕು ಒಸಡಿನ ಅಂಚಿಗೆ ಕಂದು ಗೋಡೆ ಕಟ್ಟಿತ್ತು. ನಾಲಿಗೆಯ ಮೇಲೆ ಸುಣ್ಣದ ಬಿಳಿ. ಹಿಂದಿನ ದವಡೆಯಿಂದ ಬರುವ ವಾಸನೆಯನ್ನು ತಡೆಯಲು ಅವಳು ಮಾಸ್ಕಿನೊಳಗೆ ಲವಂಗ ಇಟ್ಟುಕೊಳ್ಳುತ್ತಿದ್ದಳು. ಶನಿವಾರ ಸಂಜೆ ಅದೇ ಬಾಯಿ ಇಸ್ಪೀಟಿನ ಮೇಜಿನ ಆಚೆ ಬದಿಗೆ ಅವಳ ಜೋಡಿದಾರನಾಗಿ ಕುಳಿತು, ತನ್ನ ಕೈಯಲ್ಲಿ ಎಷ್ಟು ಬಲವಿದೆ ಎಂದು ಸಾರುತ್ತಿತ್ತು. ಹಗಲಿನ ಬಾಯಿಯನ್ನು ಕಂಡರೆ ಅವಳಿಗೆ ಹೇಸಿಗೆ. ಸಂಜೆಯದನ್ನು ಅವಳು ನಂಬಿದ್ದಳು.

ಚಿಕ್ಕೋಡಿಯ ಪಂಚತಾಲೂಕಾ ಮನರಂಜನಾ ಸಂಘದಲ್ಲಿ ಬ್ರಿಜ್ ಆಡುವವರು ಬೆರಳೆಣಿಕೆಯ ಜನ. ಉಳಿದವರು ರಮ್ಮಿಯವರು; ಬ್ರಿಜ್‌ನವರು ಅವರನ್ನು ಕೀಳಾಗಿ ಕಾಣುತ್ತಾರೆ, ಅವರ ಚಹಾವನ್ನು ಮಾತ್ರ ಕುಡಿಯುತ್ತಾರೆ. ವಿರುಪಾಕ್ಷಪ್ಪನವರು ಸಂಘದ ಅಧ್ಯಕ್ಷರು. ದೂಧಗಂಗೆಯ ದಂಡೆಗೆ ಕಬ್ಬಿನ ಹೊಲ, ಊರೊಳಗೆ ದೊಡ್ಡ ಮನೆ, ಪ್ರತಿ ನವೆಂಬರ್ ಒಂದರಂದು ತಾಲೂಕಿನಲ್ಲಿ ಯಾರ ಕನ್ನಡ ಭಾಷಣಕ್ಕೆ ಮೈಕು ಮೊದಲು ಸಿಗುತ್ತದೆಯೋ ಅವರೇ ಇವರು. ಮೈಕಿನ ಮುಂದೆ ಅವರ ಕನ್ನಡ ಅಚ್ಚ ಹಾಲಿನ ಹಾಗೆ. ಒಂದು ಹನಿ ಮರಾಠಿ ಬೆರೆಯುವುದಿಲ್ಲ. ಮೈಕು ಇಳಿಸಿದ ಮೇಲೆ ಎಲ್ಲರ ಹಾಗೆ ಅವರೂ ಅರ್ಧ ವಾಕ್ಯ ಕನ್ನಡದಲ್ಲಿ ಹೊರಟು ಮರಾಠಿಯಲ್ಲಿ ಮನೆ ಮುಟ್ಟುತ್ತಾರೆ. ಈ ಭಾಗದಲ್ಲಿ ಇದನ್ನು ಯಾರೂ ಗಮನಿಸುವುದಿಲ್ಲ.

ಬ್ರಿಜ್ ಗೊತ್ತಿಲ್ಲದವರಿಗೆ ಇಷ್ಟು ಸಾಕು. ನಾಲ್ವರು ಆಡುತ್ತಾರೆ, ಎದುರು ಬದುರು ಕೂತವರು ಒಂದು ಜೋಡಿ. ಎಲೆಯ ರಂಗು ನಾಲ್ಕು: ಇಸ್ಪೀಕ, ಬದಾಮ, ಚೌಕಟ, ಕಿಲಾವರ. ಎಲೆ ಹಂಚಿದ ಮೇಲೆ, ಆಟಕ್ಕಿಂತ ಮೊದಲು, ಸವಾಲು ನಡೆಯುತ್ತದೆ: ಯಾವ ರಂಗನ್ನು ತುರುಫು ಮಾಡಿಕೊಂಡು ಎಷ್ಟು ಪಟ್ಟು ಗೆಲ್ಲುತ್ತೇವೆ ಎಂದು ಒಬ್ಬರಾದ ಮೇಲೊಬ್ಬರು ಏರಿಸುತ್ತ ಹೋಗುವುದು. ನಾಲ್ವರೂ ಒಂದೊಂದು ಎಲೆ ಇಳಿಸಿದರೆ ಒಂದು ಪಟ್ಟು; ಒಟ್ಟು ಇರುವುದು ಹದಿಮೂರು. ಮೊದಲ ಆರು ಪಟ್ಟು ಲೆಕ್ಕಕ್ಕಿಲ್ಲ. ಆದ್ದರಿಂದ ನಾಲ್ಕು ಎಂದರೆ ಹತ್ತು, ಆರು ಎಂದರೆ ಹನ್ನೆರಡು. ಆರು ಹೇಳಿ ಗೆದ್ದರೆ ಅಂಕದ ಸುಗ್ಗಿ. ಒಂದೇ ಪಟ್ಟು ಕಡಿಮೆ ಬಿದ್ದರೂ ಎದುರಿನವರಿಗೆ ಸುಗ್ಗಿ. ಜೋಡಿದಾರನ ಎಲೆ ಕಾಣುವುದಿಲ್ಲ. ಅವನು ಹೇಳಿದ ಸವಾಲಿನಿಂದಲೇ ಅವನ ಕೈಯನ್ನು ಊಹಿಸಬೇಕು. ಕೆಮ್ಮು, ನಿಟ್ಟುಸಿರು, ತಡವರಿಕೆ, ದನಿಯ ಏರಿಳಿತ ಇವುಗಳಿಂದ ಏನಾದರೂ ತಿಳಿದರೆ ಅದನ್ನು ಬಳಸುವಂತಿಲ್ಲ. ತಿಳಿದದ್ದು ಬಲಕ್ಕೆ ಎಳೆದರೆ ಎಡಕ್ಕೆ ವಾಲಬೇಕು. ಕಿವಿಗೆ ಬಿದ್ದದ್ದು ಬಿದ್ದಿಲ್ಲವೆಂದು ನಡೆದುಕೊಳ್ಳುವ ಈ ಕಾನೂನು ನಮ್ಮ ಕಡೆ ಹೊಸ ಸೊಸೆಯರಿಗೆ ಬಿಟ್ಟರೆ ಬ್ರಿಜ್ ಆಡುವವರಿಗೆ ಮಾತ್ರ ಇದೆ.

ಮನೀಷಾ ಅಥಣಿಯವಳು. ಬೆಳಗಾವಿಯ ಹಾಸ್ಟೆಲ್ಲಿನಲ್ಲಿ ಆಟ ಕಲಿತವಳು. ಸಂಘ ಸೇರಿದ ವರ್ಷದೊಳಗೆ ಅವಳಿಗೆ ಒಂದು ಹೆಸರು ಬಂತು. ಕಷ್ಟದ ಕೈಗಳಲ್ಲಿ, ನಾಲ್ಕಕ್ಕೆ ನಿಲ್ಲಬೇಕೋ ಆರಕ್ಕೆ ಹೋಗಬೇಕೋ ಎಂದು ಉಳಿದವರು ತಲೆ ಕೆರೆದುಕೊಳ್ಳುವಲ್ಲಿ, ಅವಳು ಸರಿಯಾದ ಕಡೆ ನಿಲ್ಲುತ್ತಿದ್ದಳು. ವಿರುಪಾಕ್ಷಪ್ಪನವರ ಕೈ ಸೊರಗಿದ್ದ ದಿನ ನಿಂತುಬಿಡುತ್ತಿದ್ದಳು, ಕೊಬ್ಬಿದ್ದ ದಿನ ಏರುತ್ತಿದ್ದಳು. “ಡಾಕ್ಟರಬಾಯಿಗೆ ಎಲಿ ವಾಸನಿ ಬರ್ತೈತ್ರಿ” ಎಂದು ಸಂಘದ ಕಾರ್ಯದರ್ಶಿ ಸಂಜಯ ಹೊಗಳುತ್ತಿದ್ದ. ಹಗಲೆಲ್ಲ ಪರರ ಹಲ್ಲಿನ ಕೊಳೆ ಕೆರೆಯುವವಳಿಗೆ, ತನ್ನ ತಲೆಯಿಂದ ಮಾತ್ರ ಹುಟ್ಟಿದ ಒಂದು ಸ್ವಚ್ಛ ವಸ್ತು ಈ ಊರಿನಲ್ಲಿದೆ ಎಂಬ ಭಾವನೆ ದೊಡ್ಡದು. ಬೇರೆ ಯಾವುದರ ಬಗ್ಗೆಯೂ ಅವಳಿಗೆ ಅಷ್ಟು ಅಭಿಮಾನವಿರಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಕೊಲ್ಹಾಪುರದ ಒಂದು ಪಂದ್ಯದಲ್ಲಿ. ಅಲ್ಲಿ ಸವಾಲನ್ನು ಬಾಯಿಂದ ಹೇಳುವಂತಿಲ್ಲ. ಪ್ರತಿಯೊಬ್ಬರ ಬದಿಗೆ ಒಂದು ಪ್ಲಾಸ್ಟಿಕ್ ಡಬ್ಬಿ. ಅದರಲ್ಲಿ ಎಲ್ಲ ಸವಾಲುಗಳೂ ಅಚ್ಚಾದ ಚೀಟಿಗಳು. ಬೇಕಾದದ್ದನ್ನು ಎತ್ತಿ ಮೇಜಿನ ಮೇಲೆ ಇಡಬೇಕು, ತುಟಿ ಬಿಚ್ಚಬಾರದು. ಚಿಕ್ಕೋಡಿಯ ಪ್ರಖ್ಯಾತ ಜೋಡಿ ಅಲ್ಲಿ ಕಟ್ಟಕಡೆಗೆ ಬಂತು. ನಿಲ್ಲಬೇಕಾದಲ್ಲಿ ಮನೀಷಾ ಏರಿದಳು, ಏರಬೇಕಾದಲ್ಲಿ ನಿಂತಳು. ಕತ್ತಲೆಯ ಕೋಣೆಯಲ್ಲಿ ಸ್ವಿಚ್ಚು ತಡಕಾಡಿದ ಹಾಗೆ. ವಾಪಸು ಬರುವಾಗ ನಿಪ್ಪಾಣಿಯ ಘಾಟಿನಲ್ಲಿ ವಿರುಪಾಕ್ಷಪ್ಪನವರು ಕಾರಿನ ಕಿಟಕಿಯಿಂದ ಉಗುಳಿ ತೀರ್ಪು ಕೊಟ್ಟರು: “ತಾಂಬಡಾ ರಸ್ಸಾ ತಿನ್ನಬಾರದಾಗಿತ್ತವಾ. ಹೊಟ್ಟಿ ಕೆಟ್ರ ತಲಿ ಕೆಡ್ತೈತಿ.” ಸಂಘದ ಬೇರೆ ಜೋಡಿಗಳು ಹಿಂದೆ ಹೋದಾಗಲೂ ಹೀಗೇ ಆಗಿತ್ತಂತೆ. ಒಮ್ಮೆ ಆ ಕೆಂಪು ಖಾರದ ರಸ್ಸಾ, ಒಮ್ಮೆ ನೀರು, ಒಮ್ಮೆ ಲಾಡ್ಜಿನ ತಿಗಣೆ. ಹೊರಗೆ ಹೋದಾಗಲೆಲ್ಲ ಈ ಸಂಘದವರ ಹೊಟ್ಟೆ ಕೆಡುವುದೇಕೆ ಎಂದು ಕೇಳುವ ಬುದ್ಧಿ ಮನೀಷಾಳಿಗೆ ಆಗ ಬರಲಿಲ್ಲ. ತನ್ನ ತಲೆಯನ್ನೇ ಬೈದುಕೊಂಡಳು.

ಎರಡನೆಯ ಪೆಟ್ಟನ್ನು ಅವಳೇ ತನ್ನ ಕೈಯಾರೆ ಕೊಟ್ಟುಕೊಂಡಳು. ವಿರುಪಾಕ್ಷಪ್ಪನವರ ಆ ಹಿಂದಿನ ದವಡೆ ಹಲ್ಲು ಕೊನೆಗೂ ಕೀಳಿಸಿಕೊಳ್ಳುವ ಸ್ಥಿತಿಗೆ ಬಂತು. ಬೇರು ಸೊಟ್ಟಗಿತ್ತು, ಕೀವು ತುಂಬಿತ್ತು. ಕಿತ್ತಾಗ ಬಂದ ವಾಸನೆಗೆ ಸಹಾಯಕಿ ಶೇವಂತಾ ಮುಖ ತಿರುಗಿಸಿದಳು. ಮನೀಷಾ ಗಾಯಕ್ಕೆ ಹೊಲಿಗೆ ಹಾಕಿ, ಹತ್ತಿ ತುರುಕಿ, “ನಾಕೈದ ದಿವಸ ಮಾತು ಬ್ಯಾಡ” ಎಂದಳು. ಶನಿವಾರ ವಿರುಪಾಕ್ಷಪ್ಪನವರು ಬಾಯಿಗೆ ಕರವಸ್ತ್ರ ಒತ್ತಿಕೊಂಡು ಆಟಕ್ಕೆ ಬಂದರು. ಸವಾಲನ್ನು ಬೆರಳಲ್ಲಿ ತೋರಿಸಿದರು: ಎರಡು ಬೆರಳು, ಆಮೇಲೆ ಎದೆ ಮುಟ್ಟಿದರೆ ಬದಾಮ, ನೆಲ ತೋರಿಸಿದರೆ ಇಸ್ಪೀಕ.

ಆ ಸಂಜೆ ಮನೀಷಾಳ ಮೂಗು ಸತ್ತುಹೋಯಿತು. ಕೊಲ್ಹಾಪುರದ ಕತ್ತಲೆ ಚಿಕ್ಕೋಡಿಗೂ ಬಂತು. ಇಲ್ಲಿ ರಸ್ಸಾ ಇರಲಿಲ್ಲ, ತಿಗಣೆ ಇರಲಿಲ್ಲ. ಇದ್ದದ್ದು ಹತ್ತಿ ತುಂಬಿದ ಒಂದು ಬಾಯಿ.

ಗಾಯ ಮಾಯಿತು, ಬಾಯಿ ತೆರೆಯಿತು, ಅವಳ ಮೂಗು ಮತ್ತೆ ಜೀವ ಪಡೆಯಿತು. ಗೆಲುವು ಶುರುವಾಯಿತು. ಆದರೆ ಈಗ ಅವಳು ಗೆಲುವಿಗಿಂತ ಹೆಚ್ಚಾಗಿ ಆ ಬಾಯಿಯನ್ನು ಕೇಳಿಸಿಕೊಳ್ಳತೊಡಗಿದ್ದಳು. ದನಿ ಏರಿಳಿಯುತ್ತಿರಲಿಲ್ಲ. ಕೆಮ್ಮಿರಲಿಲ್ಲ. ತಡವರಿಕೆಯೂ ಇಲ್ಲ. ರಂಗಿನ ಹೆಸರು ಈ ಕಡೆ ಎರಡೂ ಭಾಷೆಯಲ್ಲಿ ಒಂದೇ: ಬದಾಮ ಬದಾಮವೇ, ಇಸ್ಪೀಕ ಇಸ್ಪೀಕವೇ. ಬದಲಾಗುತ್ತಿದ್ದದ್ದು ಅಂಕಿ. ಒಮ್ಮೆ ‘ಎರಡು ಬದಾಮ’, ಒಮ್ಮೆ ‘ದೋನ್ ಬದಾಮ’. ಆಟ ಮುಗಿದು ಎಲೆಗಳು ಮೇಜಿನ ಮೇಲೆ ಬಿದ್ದಾಗ ಅವಳು ತಾಳೆ ನೋಡಿದಳು. ದೋನ್ ಎಂದಾಗ ಹೇಳಿದ್ದಕ್ಕಿಂತ ಹೆಚ್ಚು ಇರುತ್ತಿತ್ತು. ಎರಡು ಎಂದಾಗ ಹೇಳಿದಷ್ಟೂ ಇರುತ್ತಿರಲಿಲ್ಲ. ಇನ್ನೊಮ್ಮೆ ನೋಡಿದಳು. ಮತ್ತೊಂದು ವಾರ ನೋಡಿದಳು. ಒಮ್ಮೆಯೂ ತಪ್ಪಲಿಲ್ಲ.

ಬಲವಿದ್ದಾಗ ಮರಾಠಿ, ಪೊಳ್ಳು ಇದ್ದಾಗ ಕನ್ನಡ. ನವೆಂಬರ್ ಒಂದರ ಭಾಷಣಕಾರರು ತಮ್ಮ ಬರಿಗೈಗೆ ತೊಡಿಸಲು ಆಯ್ದುಕೊಂಡ ಬಟ್ಟೆ ಯಾವುದೆಂದು ತಿಳಿದಾಗ ಅವಳಿಗೆ ನಗು ಬರಬೇಕಿತ್ತು. ಬಂದದ್ದು ಹೇಸಿಗೆ. ಅವರ ಮೇಲಿನದಕ್ಕಿಂತ ತನ್ನ ಮೇಲಿನದು. ವರ್ಷವಿಡೀ ಆ ಕಳ್ಳಮಾತನ್ನು ತನ್ನ ಕಿವಿ ಗುಟ್ಟಾಗಿ ತಿಂದು, ತಲೆಗೆ ಅದನ್ನು ಬುದ್ಧಿಯೆಂದು ಬಡಿಸಿತ್ತು. ಹಾಗಾದರೆ ತನ್ನದು ಎಂಬುದು ಅದರಲ್ಲಿ ಎಷ್ಟು? ಏನಾದರೂ ಇತ್ತೆ?

ಹೊಲಿಗೆ ಬಿಚ್ಚಿದ ಜಾಗ ತೋರಿಸಲು ವಿರುಪಾಕ್ಷಪ್ಪನವರು ಕ್ಲಿನಿಕ್ಕಿಗೆ ಬಂದ ದಿನ, ಬಾಯಿ ತೆರೆಸಿ, ಕನ್ನಡಿ ಒಳಗಿಟ್ಟು, ಅವಳು ಕೇಳಿದಳು.

“ಕಾಕಾ, ಕೈ ಚಲೋ ಇದ್ದಾಗ ಮರಾಠಿ ಯಾಕ ಮಾತಾಡ್ತೀರಿ?”

“ಆಂ,” ಎಂದರು ವಿರುಪಾಕ್ಷಪ್ಪನವರು. ಕನ್ನಡಿ ಇರುವ ಬಾಯಿಗೆ ಯಾವ ಭಾಷೆಯೂ ಇಲ್ಲ. ಅವಳು ಕನ್ನಡಿ ತೆಗೆದಳು. ಅವರು ಮುಕ್ಕಳಿಸಿ, ಬೇಸಿನ್ನಿಗೆ ಕಂದು ನೀರು ಉಗುಳಿ, ಅದು ತಿರುಗುತ್ತ ಇಳಿದುಹೋಗುವುದನ್ನು ನೋಡಿ, ತಿರುಗಿದರು.

“ನಮ್ಮವ್ವನ ತವರು ಮಿರಜ. ಬಾಯಿಗೆ ಬರ್ತೈತಿ. ಅದಕ್ಕೂ ಔಷಧ ಐತೇನ?”

“ಕೈ ಕೆಟ್ಟಿದ್ದಾಗ ಬರಂಗಿಲ್ಲಲ್ರಿ.”

“ನೀ ಗೆಲ್ಲಾಕತ್ತೀಯಿಲ್ಲ?”

“ನಾ ಗೆಲ್ಲಾಕತ್ತೀನೋ, ನೀವು ಗೆಲ್ಸಾಕತ್ತೀರೋ?”

“ಜೋಡಿ ಅಂದಮ್ಯಾಲ ನೀ-ನಾ ಎಲ್ಲೀದವಾ?” ಅವರು ಕುರ್ಚಿಯಿಂದ ಇಳಿದು ಟೋಪಿ ಸರಿಮಾಡಿಕೊಂಡರು. “ಆತು. ನಿನ್ನ ಮನಸಿಗೆ ಕಸಿವಿಸಿ ಆಗೂದಾದ್ರ ಸಂಘದ ದ್ರಾಕ್ಷಿ ಕಪ್ಪಿನ ಪಂದ್ಯದಾಗ ಬರೇ ಕನ್ನಡ. ಕೊಕಟನೂರ ಯಲ್ಲವ್ವನ ಆಣಿ. ಸಾಕಲ್ಲ?”

ಮಾತು ಕೊಡುವಾಗಲೂ ಅವರು ಕನ್ನಡದಲ್ಲೇ ಕೊಟ್ಟರು. ಮನೀಷಾ ಅದನ್ನು ಗಮನಿಸಬೇಕಿತ್ತು.

ಆಣೆಯ ಮೇಲೆ ಪೂರ್ತಿ ಭಾರ ಬಿಡದೆ ಅವಳು ಕೊಲ್ಹಾಪುರದಲ್ಲಿ ಕಂಡಂಥ ಡಬ್ಬಿಗಳನ್ನು ತರಿಸಿ ಸಂಘಕ್ಕೆ ಒಯ್ದಳು. ಎಲ್ಲರೂ ಅವುಗಳನ್ನು ಕೈಯಲ್ಲಿ ಹಿಡಿದು ಹೊಗಳಿದರು. ಆಮೇಲೆ ಒಬ್ಬೊಬ್ಬರಾಗಿ ಅಡ್ಡಿ ತೆಗೆದರು. ನಿಪ್ಪಾಣಿಯ ತಂಬಾಕು ವ್ಯಾಪಾರಿ ಜಾಫರಸಾಬರು, ಸೌಮ್ಯ ಮನುಷ್ಯ, ಅತ್ತರು ಹಚ್ಚಿಕೊಂಡು ಬರುವವರು, “ಅಕ್ಷರ ಸಣ್ಣವದಾವ ಬೇಟಾ, ನನ್ನ ಕಣ್ಣಿಗೆ ಹತ್ತೂದಿಲ್ಲ” ಎಂದರು. ಅವರ ಜೋಡಿದಾರಳು ರಾಯಬಾಗದ ಗಿರಿಜವ್ವ. ಗಂಡನ ಕಬ್ಬು, ತಮ್ಮನ ದ್ರಾಕ್ಷಿ, ಎರಡನ್ನೂ ತಾನೇ ನೋಡಿಕೊಂಡು ಸ್ವಂತ ಜೀಪು ಓಡಿಸಿಕೊಂಡು ಆಟಕ್ಕೆ ಬರುವ ಹೆಂಗಸು. ಅವಳು ಡಬ್ಬಿಯನ್ನು ಮೂಸಿ, “ಪ್ಲಾಸ್ಟಿಕ್ ನಾರತೈತಿ. ದೇವರು ಬಾಯಿ ಯಾಕ ಕೊಟ್ಟಾನ, ಬರೇ ತಿನ್ನಾಕೇನ?” ಎಂದಳು. ಸಂಜಯ ಎಲ್ಲರ ಅಭಿಪ್ರಾಯವನ್ನು ಕ್ರೋಡೀಕರಿಸಿ ಡಬ್ಬಿಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ. ಕಪಾಟಿನ ಬೀಗದ ಕೈ ಅಧ್ಯಕ್ಷರ ಬಳಿ ಇತ್ತು.

ಸಂಘದ ಪಂದ್ಯದ ಬಹುಮಾನವಾದ ದ್ರಾಕ್ಷಿ ಕಪ್ಪು ಅಥಣಿಯ ತೋಟಗಾರರೊಬ್ಬರು ಕೊಟ್ಟದ್ದು. ಬೆಳ್ಳಿ ಬಣ್ಣದ ಹೂಜಿಗೆ ಗೊಂಚಲು ಅಂಟಿಸಿದ್ದು, ನೋಡಲು ಕೆಟ್ಟದಾಗಿದೆ. ಗೆದ್ದ ಜೋಡಿ ಸಂಘದ ಪರವಾಗಿ ಹುಬ್ಬಳ್ಳಿಯ ಪಂದ್ಯಕ್ಕೆ ಹೋಗುತ್ತದೆ. ಅಂತಿಮ ಆಟಕ್ಕೆ ಉಳಿದವರು ವಿರುಪಾಕ್ಷಪ್ಪ-ಮನೀಷಾ ಒಂದು ಕಡೆ, ಜಾಫರಸಾಬ-ಗಿರಿಜವ್ವ ಇನ್ನೊಂದು ಕಡೆ. ರಮ್ಮಿಯವರೂ ಎದ್ದು ಬಂದು ಸುತ್ತ ನಿಂತಿದ್ದರು. ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು, ಹಾಡು ಹಚ್ಚಿಕೊಂಡು, ಸಂಘದ ಕಿಟಕಿಯ ಗಾಜು ನಡುಗಿಸುತ್ತ ಹೋಗುತ್ತಿದ್ದವು. ಮೇಜಿನ ಬಟ್ಟೆಯ ಮೇಲೆ ಹಳೆಯ ಚಹಾದ ಉಂಗುರಗಳು. ಎಲೆಗಳು ಎಷ್ಟೋ ಬೆರಳಿನ ಬೆವರು ಕುಡಿದು ಮೆತ್ತಗಾಗಿದ್ದವು. ವಿರುಪಾಕ್ಷಪ್ಪನವರು ಕಾಲ ಬಳಿ ಒಂದು ತಗಡಿನ ಡಬ್ಬ ಇಟ್ಟುಕೊಂಡಿದ್ದರು, ಉಗುಳಲು. ಅದು ತುಂಬುತ್ತ ಬಂದಿತ್ತು.

ಮೊದಲ ಕೈಯಲ್ಲಿ ಅವರು ಆಣೆಯನ್ನು ಪಾಲಿಸಿದರು. ಎರಡನೆಯ ಕೈಯಲ್ಲಿ ಅವರಿಗೆ ಚಿತ್ರದ ಎಲೆಗಳ ಸಂತೆಯೇ ಬಂದಿರಬೇಕು. “ದೋನ್ ಕಿಲಾವರ” ಎಂಬ ಮಾತು ಬಾಯಿಂದ ಜಾರಿತು. ಮನೀಷಾ ಎಲೆಗಳ ಮೇಲಿಂದ ಅವರನ್ನು ನೋಡಿದಳು. ಅವರು ಸೂರನ್ನು ನೋಡಿದರು. ಯಲ್ಲವ್ವ ಕೊಕಟನೂರಿನಲ್ಲಿ ಇದ್ದಳು, ದೂರ.

ಅಲ್ಲಿಂದ ಮುಂದೆ ಆ ಸಂಜೆ ಅವಳಿಗೆ ನರಕ. ಗೊತ್ತಿಲ್ಲದೆ ಕೇಳಿಸಿಕೊಳ್ಳುವುದು ಒಂದು. ಗೊತ್ತಿದ್ದು ಕೇಳಿಸಿಕೊಳ್ಳದಿರುವುದು ಬೇರೆ. ಕಿವಿಗೆ ರೆಪ್ಪೆಯಿಲ್ಲ. ಅವರು ಅಂಕಿ ಉಚ್ಚರಿಸುವ ಮೊದಲೇ ಅವಳು ಮನಸ್ಸಿನಲ್ಲಿ ಮಗ್ಗಿ ಹೇಳಿಕೊಂಡು ಅದನ್ನು ಮುಳುಗಿಸಲು ನೋಡುತ್ತಿದ್ದಳು. ಮುಳುಗುತ್ತಿರಲಿಲ್ಲ. ಹೆಚ್ಚಿನ ಕೈಗಳು ಸರಳವಿದ್ದವು. ಹೇಗೆ ಕೇಳಿದರೂ ಉತ್ತರ ಒಂದೇ. ಕೊನೆಯ ಕೈ ಹಾಗಿರಲಿಲ್ಲ.

ಕೊನೆಯ ಕೈಯಲ್ಲಿ ಅವಳಿಗೆ ಬಂದದ್ದು: ಇಸ್ಪೀಕದಲ್ಲಿ ಎಕ್ಕ, ರಾಣಿ ಸೇರಿ ಐದು ಎಲೆ. ಚೌಕಟದಲ್ಲಿ ಎಕ್ಕ, ರಾಜ, ಜೊತೆಗೆ ಎರಡು ಪುಡಿ ಎಲೆ. ಬದಾಮದಲ್ಲಿ ರಾಜ, ಒಂದು ಪುಡಿ. ಕಿಲಾವರದಲ್ಲಿ ಬರೀ ಒಂಬತ್ತು ಮತ್ತು ಎರಡು. ಚೆಂದದ ಮನೆ, ಒಂದೇ ಕಡೆ ಬಾಗಿಲಿಲ್ಲ.

“ಒಂದು ಬದಾಮ,” ಎಂದರು ವಿರುಪಾಕ್ಷಪ್ಪನವರು.

ಜಾಫರಸಾಬರು ಪಾಸ್ ಅಂದರು. ಮನೀಷಾ ಒಂದು ಇಸ್ಪೀಕ ಅಂದಳು. ಗಿರಿಜವ್ವ ಪಾಸ್.

ವಿರುಪಾಕ್ಷಪ್ಪನವರು ತಂಬಾಕನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದರು. ಹಲ್ಲು ಕಿತ್ತ ಸಂದಿನಿಂದ ಗಾಳಿ ಸಿಳ್ಳೆಯಾಡಿತು. “ಮೂರು,” ಎಂದರು, ಭಾಷಣದಲ್ಲಿ ಕವಿಗಳ ಹೆಸರು ಹೇಳುವಾಗಿನ ಶುದ್ಧ ಉಚ್ಚಾರದಲ್ಲಿ, “ಇಸ್ಪೀಕ.”

ಜಾಫರಸಾಬರು ಪಾಸ್. ಸರದಿ ಅವಳದು.

ಸವಾಲಿನ ಅರ್ಥ ಸ್ಪಷ್ಟ. ಎರಡು ಮೆಟ್ಟಿಲು ಜಿಗಿದು ಮೂರು ಎಂದವನ ಕೈಯಲ್ಲಿ ಹದಿನಾರು ಅಂಕದ ಬಲ ಇರಬೇಕು: ಎಕ್ಕಕ್ಕೆ ನಾಲ್ಕು, ರಾಜನಿಗೆ ಮೂರು, ರಾಣಿಗೆ ಎರಡು, ಗುಲಾಮನಿಗೆ ಒಂದರ ಲೆಕ್ಕದಲ್ಲಿ. ಕಿಲಾವರ ಬಿಟ್ಟು ಉಳಿದ ಮೂರು ರಂಗುಗಳಲ್ಲಿ ಅವಳ ಬಳಿ ಇಲ್ಲದ ದೊಡ್ಡ ಎಲೆಗಳನ್ನೆಲ್ಲ ಅವಳು ಕೂಡಿಸಿದಳು. ಹದಿನಾಲ್ಕು. ಅಷ್ಟೂ ಅವರ ಬಳಿಯೇ ಇದ್ದರೂ ಹದಿನಾರಾಗುವುದಿಲ್ಲ. ಅಂದರೆ ಕಿಲಾವರದಲ್ಲೂ ಅವರಿಗೆ ದೊಡ್ಡದೊಂದು ಇರಲೇಬೇಕು. ಹೆಚ್ಚಾಗಿ ಎಕ್ಕ, ಇಲ್ಲವೆ ರಾಜ. ಅವಳ ಮನೆಗೆ ಬಾಗಿಲು ಅವರ ಕಡೆಯಿಂದ ಬರುತ್ತದೆ. ಆರು ಇಸ್ಪೀಕ ಆಗುವ ಕೈ ಇದು. ಇಂಥ ಲೆಕ್ಕಕ್ಕಾಗಿಯೇ ಅವಳು ಈ ಆಟವನ್ನು ಪ್ರೀತಿಸಿದ್ದು.

ಇದು ಸವಾಲು ಹೇಳಿದ್ದು. ಬಾಯಿ ಹೇಳಿದ್ದು ಬೇರೆ. ಮೂರು, ಕನ್ನಡದಲ್ಲಿ. ನಂಬಬೇಡ, ಕೈ ಪೊಳ್ಳು, ನಾಲ್ಕಕ್ಕೆ ನಿಲ್ಲು. ನಾಲ್ಕಕ್ಕೆ ನಿಂತರೆ ಆಟ ಕೈಯಲ್ಲಿ ಬಿದ್ದಂತೆ. ಸಂಜಯ ಅಂಕಗಳನ್ನು ಕೊನೆಗೇ ಓದುವುದು ರೂಢಿ, ಆದ್ದರಿಂದ ಯಾರು ಮುಂದಿದ್ದಾರೆ ಎಂಬುದು ಗೊತ್ತಿರಲಿಲ್ಲ. ಆದರೆ ಇಂಥ ಕೈಯನ್ನು ಬಿಡದವರು ಕಪ್ಪನ್ನೂ ಬಿಡುವುದಿಲ್ಲ.

ಎಕ್ಕ ಎಷ್ಟಿವೆ ಎಂದು ಜೋಡಿದಾರನನ್ನು ಕೇಳುವ ಸವಾಲೂ ಒಂದಿದೆ. ಆದರೆ ಅದರ ಉತ್ತರವೂ ಆ ಬಾಯಿಂದಲೇ, ಯಾವುದೋ ಒಂದು ಭಾಷೆಯಲ್ಲೇ ಬರಬೇಕು. ಇನ್ನೊಂದು ತುತ್ತು ಹೊಲಸು. ಬೇಡ.

“ಡಾಕ್ಟರಬಾಯಿ, ಹಲ್ಲ ಕೀಳೂಮುಂದನೂ ಇಷ್ಟ ಹೊತ್ತ ಹಿಡೀತೀರೇನ?” ಎಂದಳು ಗಿರಿಜವ್ವ. ರಮ್ಮಿಯವರು ನಕ್ಕರು.

ಮನೀಷಾ ವಿರುಪಾಕ್ಷಪ್ಪನವರ ಮುಖ ನೋಡಿದಳು. ಅಲ್ಲಿ ತಂದೆಯಂಥ ಒಂದು ನೆಮ್ಮದಿ ಇತ್ತು. ಮಗು ಹೇಳಿದ ಹಾಗೆ ಕೇಳುತ್ತದೆ ಎಂಬ ನೆಮ್ಮದಿ. ನಾಲ್ಕು ಎಂದರೆ ಕಪ್ಪು ಸಿಗುತ್ತದೆ, ಮತ್ತು ಅದರೊಳಗೆ ಅವಳದು ಎಂಬುದು ಏನೂ ಇರುವುದಿಲ್ಲ.

“ಆರು ಇಸ್ಪೀಕ,” ಎಂದಳು.

ವಿರುಪಾಕ್ಷಪ್ಪನವರ ದವಡೆ ನಿಂತಿತು.

“ಡಬಲ್ಲು,” ಎಂದಳು ಗಿರಿಜವ್ವ, ಆಕಳಿಸಿದಷ್ಟು ಸಲೀಸಾಗಿ. ಸೋತರೆ ದಂಡ ಇಮ್ಮಡಿ ಎಂದು ಅರ್ಥ. ಮೂವರೂ ಪಾಸ್.

ಗಿರಿಜವ್ವ ಮೊದಲ ಎಲೆ ಇಳಿಸಿದಳು. ಕಿಲಾವರದ ಎಕ್ಕ. ಆಗ ವಿರುಪಾಕ್ಷಪ್ಪನವರು ನಿಯಮದಂತೆ ತಮ್ಮ ಕೈಯನ್ನು ಮೇಜಿನ ಮೇಲೆ ಬಿಚ್ಚಿದರು. ಬದಾಮದ ಸಾಲು ಚೆಂದವಿತ್ತು, ಇಸ್ಪೀಕ ಚೆಂದವಿತ್ತು, ಚೌಕಟದಲ್ಲಿ ರಾಣಿಯೂ ಇದ್ದಳು. ಕಿಲಾವರದಲ್ಲಿ ಎಂಟು ಮತ್ತು ಐದು. ಬಲ ಕೂಡಿಸಿದರೆ ಹದಿಮೂರು. ಗಿರಿಜವ್ವ ಕಿಲಾವರದ ರಾಜನನ್ನೂ ಹೊಡೆದಳು. ಅಲ್ಲಿಗೆ ಆಟ ಮುಗಿಯಿತು. ಉಳಿದ ಪಟ್ಟುಗಳೆಲ್ಲ ಮನೀಷಾಳವೇ, ಹನ್ನೊಂದು, ಬೇಕಾಗಿದ್ದದ್ದು ಹನ್ನೆರಡು.

ಸಂಜಯ ಅಂಕ ಕೂಡಿಸಿ ಗಂಟಲು ಸರಿಮಾಡಿಕೊಂಡ. “ನಾಕಕ್ಕ ನಿಂತಿದ್ರ ಕಪ್ಪು ನಿಮ್ಮದಾಗಿರತಿತ್ತ ನೋಡ್ರಿ ಮೇಡಂ. ಗೆದ್ದವರು, ಜಾಫರಸಾಬರು ಮತ್ತ ಗಿರಿಜಕ್ಕಾರು.”

ಚಪ್ಪಾಳೆ ಬೀಳುವ ಮೊದಲೇ ವಿರುಪಾಕ್ಷಪ್ಪನವರು ಎದ್ದು ನಿಂತಿದ್ದರು. ಕಾಲು ತಗುಲಿ ತಗಡಿನ ಡಬ್ಬ ಉರುಳಿತು. ಅದರೊಳಗಿನದು ನೆಲದ ಫರಶಿಯ ಮೇಲೆ ನಿಧಾನವಾಗಿ ಹರಿಯಿತು. ಅವರಿಗೆ ಅದು ಕಾಣಲಿಲ್ಲ.

“ನಾ ಕನ್ನಡದಾಗ ಹೇಳಿದ್ನಲ್ಲಬೇ!” ಎಂದು ಕೂಗಿದರು. “ಒಂದೂ ಕನ್ನಡದಾಗ, ಮೂರೂ ಕನ್ನಡದಾಗ! ಎರಡೆರಡ ಸಲ ಹೇಳೀನಿ! ಹೋಗಬ್ಯಾಡ ಅಂತ ಮತ್ತ ಹೆಂಗ ಹೇಳ್ಬೇಕಿತ್ತು, ಡಂಗುರ ಹೊಡೀಬೇಕಿತ್ತೇನ?”

ಮನೀಷಾಳ ಎದೆ ಹಗುರಾಯಿತು. ಇಷ್ಟು ದಿನ ತಾನೊಬ್ಬಳೇ ಹೊತ್ತದ್ದನ್ನು ಅವರೇ ಎಲ್ಲರೆದುರು ಇಳಿಸಿದ್ದರು. ಇನ್ನು ತಾನು ಏನೂ ಹೇಳಬೇಕಾಗಿಲ್ಲ. ಜಾಫರಸಾಬರು ಹೇಳುತ್ತಾರೆ, ಗಿರಿಜವ್ವ ಬಿಡುವವಳಲ್ಲ.

“ಹೌದ ಡಾಕ್ಟರಬಾಯಿ,” ಎಂದಳು ಗಿರಿಜವ್ವ. “ಅವರು ಕನ್ನಡದಾಗ ಹೇಳಿದ್ರಲ್ಲ. ನನಗ ಇಲ್ಲಿ ಕುಂತಾಕಿಗೆ ತಿಳೀತು, ಅದಕ್ಕ ಡಬಲ್ ಹೊಡದೆ. ನಿನಗ ತಿಳೀಲಿಲ್ಲೇನ?”

“ಟ್ರ್ಯಾಕ್ಟರ್ ಹೊಂಟಿತ್ತು, ಕೇಳಿಸಿರಾಕಿಲ್ಲ ಬಿಡ್ರಿ,” ಎಂದ ಸಂಜಯ, ಸಮಾಧಾನಕ್ಕೆ.

ಮನೀಷಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಯಾವ ಮುಖದಲ್ಲೂ ಆಶ್ಚರ್ಯವಿರಲಿಲ್ಲ. ರಮ್ಮಿಯವರಲ್ಲೂ ಇಲ್ಲ.

“ನಿಮಗೆಲ್ಲಾ ಗೊತ್ತೈತಿ?”

“ಏನು?”

“ಚಲೋ ಕೈಗೆ ಮರಾಠಿ, ಕೆಟ್ಟ ಕೈಗೆ ಕನ್ನಡ.”

ಜಾಫರಸಾಬರು ಮೆಲ್ಲಗೆ ನಕ್ಕರು. ಅವರ ಅತ್ತರಿನ ವಾಸನೆಯೂ ನೆಲದ ಮೇಲೆ ಹರಿಯುತ್ತಿದ್ದುದರ ವಾಸನೆಯೂ ಕೂಡಿ ಅವಳ ಮೂಗಿಗೆ ಬಂತು. “ಬೇಟಾ, ಇಲ್ಲಿ ಎಲ್ಲಾರೂ ಹಂಗ ಆಡೂದು. ನಮ್ಮ ಅಪ್ಪಾರ ಕಾಲದಿಂದ ನಡದೈತಿ. ನಾವೂ ಮಾಡ್ತೀವಿ, ನೀವೂ ಮಾಡ್ತೀರಿ, ಹಿಸಾಬ್ ಬರಾಬರ್. ಎಲ್ಲಾರಿಗೂ ಗೊತ್ತಿದ್ರ ಅದು ಮೋಸ ಹೆಂಗಾಗ್ತೈತಿ?”

“ನಾ ಮಾಡಿಲ್ಲ.”

“ಮಾಡಿಲ್ಲಂದ್ರ?” ಗಿರಿಜವ್ವ ಕಣ್ಣು ಕಿರಿದು ಮಾಡಿದಳು. “ವರ್ಷಪೂರ್ತಿ ಅವರು ದೋನ್ ಅಂದಾಗ ಏರೀದಿ, ಎರಡು ಅಂದಾಗ ಕುಂತೀದಿ. ಒಮ್ಮೆ ತಪ್ಪೀದೇನ? ನಿನ್ನಷ್ಟ ಚಂದ ಹಿಡಿಯೋರು ಐದು ತಾಲೂಕಿನ್ಯಾಗ ಯಾರೂ ಇಲ್ಲ ಅಂತ ನಾವೆಲ್ಲಾ ಮಾತಾಡ್ತಿದ್ವಿ. ಈಗ ನೋಡ್ರಿ, ನನಗೇನೂ ಗೊತ್ತಿಲ್ಲವಾ ಅಂತಾಳ, ಹಾಲಗಲ್ಲದಾಕಿ!”

ನಗೆ ಎದ್ದಿತು. ಅದರಲ್ಲಿ ಕುಹಕವಿರಲಿಲ್ಲ, ನಮ್ಮವಳು ಎಂಬ ಸಲಿಗೆ ಇತ್ತು. ಮನೀಷಾಳಿಗೆ ತಡೆಯಲಾಗದ್ದು ಅದು. ಬೈದಿದ್ದರೆ ನಿಂತುಕೊಳ್ಳಬಹುದಿತ್ತು.

ಅವಳು ಸಂಜಯನ ಕಡೆ ತಿರುಗಿದಳು. “ನೀವು ಕಾರ್ಯದರ್ಶಿ. ಇದು ನಿಯಮದಾಗ ಐತೇನ್ರಿ?”

ಸಂಜಯ ಕಿಟಕಿ ಮುಚ್ಚಿ ಬಂದ. “ಮೇಡಂ, ಸ್ವಲ್ಪ ಸಣ್ಣ ದನೀಲೆ. ಇದು ಭಾಷಾದ ವಿಷಯ. ಮರಾಠಿ ಬ್ಯಾಡ ಅಂತ ನಾ ಬೋರ್ಡ್ ಹಾಕಿದ್ರ ನಾಳೆ ಒಂದು ಗುಂಪು ಬರ್ತೈತಿ. ಕನ್ನಡಕ್ಕ ಕೆಟ್ಟ ಕೈ ಕೊಟ್ಟಾರ ಅಂತ ಹೊರಗ ತಿಳದ್ರ ಇನ್ನೊಂದು ಗುಂಪು ಬರ್ತೈತಿ. ನಮ್ಮ ಸಂಘದಾಗ ಎರಡೂ ಭಾಷಾಕ್ಕ ಸಮಾನ ಗೌರವ. ಅಷ್ಟ ಬರಕೋತೀನಿ.”

“ಬೋರ್ಡ್ ಬ್ಯಾಡ. ಕಪಾಟು ತಗೀರಿ, ಡಬ್ಬಿ ಅದಾವ.”

ಎಲ್ಲರೂ ವಿರುಪಾಕ್ಷಪ್ಪನವರನ್ನು ನೋಡಿದರು. ವಿರುಪಾಕ್ಷಪ್ಪನವರು ಜೇಬು ಮುಟ್ಟಿಕೊಂಡು, ಬೀಗದ ಕೈ ಮನೆಯಲ್ಲಿ ಉಳಿದಿದೆ ಎಂದರು. ಕನ್ನಡದಲ್ಲಿ.

ಮನೀಷಾ ಮೇಜಿನ ಮೇಲೆ ಬಿದ್ದಿದ್ದ ಎರಡೂ ಕೈಗಳನ್ನು, ತನ್ನದನ್ನೂ ಅವರದನ್ನೂ, ಅಕ್ಕಪಕ್ಕ ಜೋಡಿಸಿದಳು. “ನೀವು ಹೇಳಿದ್ದು ನಿಮ್ಮ ಕೈಯಾಗ ಇದ್ದಿದ್ರ ಆರು ಆಗ್ತಿತ್ತು ಕಾಕಾ. ನನ್ನ ಸವಾಲು ಬರೋಬ್ಬರಿ ಐತಿ,” ಎಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ; ಕಪ್ಪಿನ ಫೋಟೋ ತೆಗೆಯುವ ಗಡಿಬಿಡಿ ಶುರುವಾಗಿತ್ತು. ಅವಳು ನೆಲದ ಕಂದು ಹೊಳೆಯನ್ನು ದಾಟಿ ಹೊರಗೆ ಬಂದಳು. ಚಪ್ಪಲಿಯ ಅಂಚಿಗೆ ಅದು ತಾಗಿಯೇ ತಾಗಿತು. ಮನೆಗೆ ಹೋದ ಮೇಲೆ ಆ ಚಪ್ಪಲಿಯನ್ನು ಎಸೆದಳು.

ಜಾಫರಸಾಬರೂ ಗಿರಿಜವ್ವನೂ ಹುಬ್ಬಳ್ಳಿಗೆ ಹೋಗಿ ಕಟ್ಟಕಡೆಗೆ ಬಂದರೆಂದು ಆಮೇಲೆ ತಿಳಿಯಿತು. ಈ ಸಲ ಮಿರ್ಚಿ ಭಜಿ.

ಮನೀಷಾ ಈಗ ಮೊಬೈಲಿನಲ್ಲಿ ಆಡುತ್ತಾಳೆ. ಜೋಡಿದಾರ ಯಾವ ಊರಿನವನೋ. ಅವನಿಗೆ ಬಾಯಿಲ್ಲ, ವಾಸನೆಯಿಲ್ಲ, ಭಾಷೆಯಿಲ್ಲ. ಸವಾಲು ಪರದೆಯ ಮೇಲೆ ಮೂಡುತ್ತದೆ, ಅಷ್ಟೆ. ಅಲ್ಲಿ ಅವಳು ಸಾಧಾರಣ ಆಟಗಾರ್ತಿ. ಗೆದ್ದಷ್ಟೇ ಸೋಲುತ್ತಾಳೆ, ಕೆಲವು ವಾರ ಹೆಚ್ಚೇ ಸೋಲುತ್ತಾಳೆ. ಐದು ತಾಲೂಕಿನ ಹೆಸರಿಗಿಂತ ಆ ಸಾಧಾರಣತನ ಬಹಳ ಸಣ್ಣದು. ಆದರೆ ಪೂರ್ತಿ ಅವಳದು.

ಒಂದು ಮಧ್ಯಾಹ್ನ ಕ್ಲಿನಿಕ್ಕಿನಲ್ಲಿ ಸರದಿ ತುಂಬಿತ್ತು. ಜುಗೂಳದಿಂದ, ಕಾಗವಾಡದಿಂದ ಬಂದವರು ಬೆಂಚಿನ ಮೇಲೆ ಕೆನ್ನೆ ಹಿಡಿದು ಕೂತಿದ್ದರು. ವಿರುಪಾಕ್ಷಪ್ಪನವರು ಸಾಲು ಮುರಿದು ಒಳಗೆ ನುಗ್ಗಿದರು. ಹಿಂದಿನದೇನೂ ನಡೆದೇ ಇಲ್ಲವೆಂಬಂತೆ ಕುರ್ಚಿ ಹತ್ತಿ ಕೂತರು.

“ಭಾಳ ತ್ರಾಸ ಆಗೇತವಾ,” ಎಂದರು. “ಈ ಕಡೀ ಹಲ್ಲು. ರಾತ್ರೆಲ್ಲಾ ನಿದ್ದಿಲ್ಲ. ಜೀವ ಹೊಂಟೈತಿ. ಮೊದಲ ನನ್ನ ನೋಡು.”

ಮನೀಷಾ ಮಾಸ್ಕಿನೊಳಗೆ ಲವಂಗ ಸರಿಸಿಕೊಂಡು, ದೀಪವನ್ನು ಅವರ ಮುಖದಿಂದ ಆಚೆ ತಿರುಗಿಸಿದಳು.

“ಅಷ್ಟ ನೋವಿದ್ರ ಮರಾಠಿಯೊಳಗ ಹೇಳ್ರಿ ಕಾಕಾ,” ಎಂದಳು. “ಶೇವಂತಾ, ಜುಗೂಳದವರನ್ನ ಒಳಗ ಕರಿ.”